ಆನ್‌ಲೈನ್ ಸಂಗೀತ ಪಾಠ ಆರಂಭಿಸುತ್ತಿರುವ ಸೋದರಸೊಸೆಗೆ

ಮೈಸೂರು

ಚಿರಂಜೀವಿ ಪುಟ್ಟಿಗೆ, ನಿನ್ನ ಸೋದರತ್ತೆ ಮಾಡುವ ಅನೇಕ ಆಶೀರ್ವಾದಗಳು.

ಮುಂದಿನ ತಿಂಗಳಿನಿಂದ ಝೂಮ್ ಮೂಲಕ ಮಕ್ಕಳಿಗೆ ಕರ್ನಾಟಕ ಸಂಗೀತದ ಪಾಠ ಆರಂಭಿಸುವೆಯೆಂದೂ, ಶಿಷ್ಯರಲ್ಲಿ ನಮ್ಮ ಸುತ್ತಲಿನ ಹಳ್ಳಿಗಳವರಲ್ಲದೆ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಮಕ್ಕಳೂ, ಕಣ್ಣು ಕಾಣದ ಒಬ್ಬ ಹುಡುಗನೂ ಇರುವರೆಂದೂ ನಿನ್ನ ತಂದೆಯಿಂದ ತಿಳಿದು ಬಹಳ ಸಂತೋಷವಾಯಿತು. ಇಂಥ ಪಾಠವನ್ನು ಕೆಲವು ವರ್ಷಗಳಿಂದ ನಡೆಸುತ್ತಿರುವವಳಾಗಿ, ನಿನಗೆ ಹೇಳಲೇಬೇಕೆನಿಸಿದ್ದನ್ನು ಬರೆಯುತ್ತಿದ್ದೇನೆ.

ಎದುರು ಕುಳಿತಾಗ ಗುರುಶಿಷ್ಯರು ದನಿಗೂಡಿಸಿ ಹಾಡುತ್ತಾರೆ. ಇಲ್ಲಿ ಅದು ಆಗದ ಮಾತು ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೋ. ಧ್ವನಿ ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಯಿತೆಂದರೆ ಇಬ್ಬರ ಲಯ ಕೂಡುವುದು ಕಷ್ಟ, ಸಾಗರ ದಾಟಿ ಹೋಗುವ ಧ್ವನಿಗಂತೂ ಅದರ ಹಲವು ಪಟ್ಟು ಹೊತ್ತು ಬೇಕು. ಎಷ್ಟೇ ವೇಗದ ಇಂಟರ್ನೆಟ್ ಹಾಕಿಸಿದರೂ ಈ ತೊಡಕು ಪೂರ್ತಿ ಹೋಗದು. ಆದ್ದರಿಂದ ನೀನು ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಹಾಡು. ಮಕ್ಕಳು ಮೈಕ್ ಮ್ಯೂಟ್ ಮಾಡಿಕೊಂಡು ಅದನ್ನೇ ಹಾಡಿಕೊಳ್ಳಲಿ. ಆಮೇಲೆ ಒಬ್ಬೊಬ್ಬರಾಗಿ ಮೈಕ್ ತೆರೆದು ಒಪ್ಪಿಸಲಿ. ಒಪ್ಪಿಸುವಾಗ ತಾಳವನ್ನು ಮಗುವೇ ಹಾಕಿಕೊಳ್ಳಬೇಕು. ನೀನು ತಾಳ ಹಾಕಿದರೆ ಆ ಪೆಟ್ಟು ಅಲ್ಲಿಗೆ ತಡವಾಗಿ ತಲುಪಿ, ಅದನ್ನು ಅನುಸರಿಸಿದ ದನಿ ಇನ್ನೂ ತಡವಾಗಿ ಹಿಂದಿರುಗಿ, ನೆಟ್ಟಗೆ ಹಾಡುತ್ತಿರುವ ಮಗುವೂ ಲಯ ತಪ್ಪಿದಂತೆ ನಿನಗೆ ಕೇಳಿಸುತ್ತದೆ. ತಪ್ಪಿಲ್ಲದ ಮಗುವನ್ನು ತಿದ್ದಿದರೆ ಅದರ ಧೈರ್ಯ ಕುಂದುತ್ತದೆ. ಶ್ರುತಿಯೂ ಹಾಗೆಯೇ: ಪ್ರತಿ ಮನೆಯಲ್ಲಿ ಬೇರೊಂದು ಫೋನಿನಲ್ಲಿ ತಂಬೂರಿಯ ಆ್ಯಪ್ ಮೀಟುತ್ತಿರಲಿ.

ಗದ್ದಲವನ್ನು ಅಡಗಿಸುವ ಝೂಮಿನ ವ್ಯವಸ್ಥೆ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಮೊಳಗುವ ತಂಬೂರಿಯನ್ನು ಅದು ಫ್ಯಾನಿನ ಸದ್ದೆಂದು ಬಗೆದು ಅಳಿಸುತ್ತದೆ, ದೀರ್ಘವಾಗಿ ನಿಲ್ಲಿಸಿದ ಷಡ್ಜವನ್ನೂ (‘ಸ’ ಸ್ವರ) ನಡುವೆ ಮಸುಕಾಗಿಸುತ್ತದೆ. ಸಂಗೀತಗಾರರಿಗೆಂದು ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯಿದೆ. ಅದನ್ನು ನೀನೂ ಬಳಸು, ತಂದೆತಾಯಿಯರಿಗೂ ತೋರಿಸಿಕೊಡು. ಅದನ್ನು ಬಳಸುವಾಗ ಇಯರ್‌ಫೋನ್ ಇಲ್ಲದಿದ್ದರೆ ಪ್ರತಿಧ್ವನಿಯ ಕಾಟ ಹೆಚ್ಚು.

ಇನ್ನು ಆ ಹುಡುಗನ ವಿಷಯ. ಅವನಿಗೆ ಕಷ್ಟವಾದೀತೆಂದು ನೀನು ಅಂಜಿರುವೆಯಂತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದುಕೋ. ಪಂಚಾಕ್ಷರಿ ಗವಾಯಿಗಳಿಗೂ, ಅವರ ಶಿಷ್ಯರಾದ, 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅಲ್ಲಿ ತಲೆಮಾರುಗಳಿಂದ ಅಂಧ ಮಕ್ಕಳು ಕಿವಿಯಿಂದಲೇ ವಿದ್ಯೆ ಪಡೆದು ಗಾಯಕರಾಗಿದ್ದಾರೆ. ಬದಲಾಗಬೇಕಾದದ್ದು ನಿನ್ನ ಮಾತಿನ ರೂಢಿ. ಆದಿತಾಳವನ್ನು ‘ಹೀಗೆ ಹಾಕಬೇಕು’ ಎಂದು ಪರದೆಯಲ್ಲಿ ಕೈ ತೋರಿಸಿದರೆ ಅವನಿಗೆ ಏನೂ ದಕ್ಕದು. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು ಮತ್ತು ಬೀಸು, ಮತ್ತೊಮ್ಮೆ ಪೆಟ್ಟು ಮತ್ತು ಬೀಸು, ಒಟ್ಟು 8 ಅಕ್ಷರ ಎಂದು ಬಾಯಿಬಿಟ್ಟು ಹೇಳು. ಪುಟ್ಟ ಫೋನಿನಲ್ಲಿ ನಿನ್ನ ಬೆರಳು ಸರಿಯಾಗಿ ಕಾಣದ ಉಳಿದ ಮಕ್ಕಳಿಗೂ ಇದರಿಂದ ಉಪಕಾರವಾಗುತ್ತದೆ.

ಮೊದಲ ಸ್ವರಪಾಠಗಳಾದ ಸರಳೆ ವರಸೆಗಳನ್ನು ಕೈಯಲ್ಲಿ ಬರೆದು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ಪದ್ಧತಿ ಎಲ್ಲೆಡೆ ಇದೆ. ಹಾಗೆ ಮಾಡಬೇಡ, ಆ ಚಿತ್ರ ಅವನ ಫೋನಿಗೆ ಮೂಕ. ಯುನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದರೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳಬಲ್ಲದು. ಆದರೆ ಮಂದ್ರ (ಕೆಳಗಿನ), ತಾರ (ಮೇಲಿನ) ಸ್ಥಾಯಿಯನ್ನು ಸೂಚಿಸುವ ಚುಕ್ಕಿಗಳನ್ನು ಅದು ಹೇಳುತ್ತದೆಂದು ನಂಬಿ ಕೂರಬೇಡ, ಅವನ್ನು ಮಾತಿನಲ್ಲೇ ಬರೆ. ಜೊತೆಗೆ ನಿಧಾನಗತಿಯಲ್ಲಿ ಹಾಡಿದ ಒಂದು ಆಡಿಯೊವನ್ನೂ ಕಳಿಸು.

ಹಳ್ಳಿಯ ಮಕ್ಕಳ ಬಳಿ ಹೆಚ್ಚಾಗಿ ಅಪ್ಪನ ಫೋನು, ದಿನದ ಲೆಕ್ಕದ ಡೇಟಾ. ಕ್ಯಾಮೆರಾ ತೆರೆದೇ ಇರಬೇಕೆಂದು ಹಟ ಹಿಡಿಯಬೇಡ, ವಿಡಿಯೊ ನಿಲ್ಲಿಸಿದರೆ ಡೇಟಾ ಬಹಳಷ್ಟು ಉಳಿಯುತ್ತದೆ. ಕುಳಿತ ಭಂಗಿ, ಬಾಯಿ ತೆರೆಯುವ ಬಗೆ ನೋಡಬೇಕಾದಾಗ ಒಂದೆರಡು ನಿಮಿಷ ಮಾತ್ರ ಕೇಳು. ಮುಖ ಕಾಣದ ಮಗುವಿನ ಸರದಿ ಮರೆತುಹೋಗುವುದು ಸುಲಭ. ಹೆಸರುಗಳ ಪಟ್ಟಿಯನ್ನು ಶ್ರುತಿಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೋ.

ಸರದಿಗಾಗಿ ಕಾಯುವವರ ಮನಸ್ಸು ಬೇಗ ಚದುರುತ್ತದೆ. ತರಗತಿಗೆ ಐದಾರು ಮಕ್ಕಳಿಗಿಂತ ಹೆಚ್ಚು ಬೇಡ ಎನ್ನುವುದು ಅದಕ್ಕಾಗಿಯೇ. ಫೀಸು ಕಡಿಮೆಯಾದರೂ ಚಿಂತೆಯಿಲ್ಲ. ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಜಂಟಿ ವರಸೆಯನ್ನು ಒಬ್ಬಳು ಒಪ್ಪಿಸುವಾಗ, ಪ್ರತಿ ಜೋಡಿಯ ಎರಡನೆಯ ಸ್ವರಕ್ಕೆ ಒತ್ತು ಬಿತ್ತೇ ಎಂದು ಉಳಿದವರು ಗಮನಿಸಿ ಹೇಳಲಿ. ಈ ಪಾಠಗಳ ರಾಗವಾದ ಮಾಯಾಮಾಳವಗೌಳದ ರಿಷಭವನ್ನು (‘ರಿ’ ಸ್ವರ) ಮಕ್ಕಳು ಮೇಲೆತ್ತಿಬಿಡುತ್ತಾರಲ್ಲ, ಅದನ್ನು ಹಿಡಿಯುವ ಕೆಲಸ ಇನ್ನೊಬ್ಬನಿಗಿರಲಿ. ಆದರೆ ತಪ್ಪು ಹೇಳುವವರು ಚೆನ್ನಾಗಿದ್ದದ್ದನ್ನೂ ಒಂದು ಹೇಳಲೇಬೇಕೆಂಬ ಕಟ್ಟಳೆ ಮಾಡು. ಹೊಸ ಪಾಠವನ್ನು ಧ್ವನಿಮುದ್ರಿಸಿ ಮೊದಲೇ ಕಳಿಸಿಬಿಡು. ಮುಖಾಮುಖಿಯ ಆ ಒಂದು ಗಂಟೆ ಮಗುವನ್ನು ಕೇಳಲಿಕ್ಕೇ ಮೀಸಲಾಗಿರಲಿ.

ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಮ್ಮ ಭಾನುವಾರ ಬೆಳಿಗ್ಗೆ 7 ಗಂಟೆಯ ಪಾಠ ಕ್ಯಾಲಿಫೋರ್ನಿಯಾದವರಿಗೆ ಚಳಿಗಾಲದಲ್ಲಿ ಶನಿವಾರ ಸಂಜೆ 5:30, ಬೇಸಿಗೆಯಲ್ಲಿ 6:30. ಗಡಿಯಾರ ಬದಲಾಗುವ ಮುಂಚಿನ ವಾರವೇ ಅವರಿಗೆ ತಿಳಿಸು.

ತಂದೆತಾಯಿಯರ ಒಪ್ಪಿಗೆಯಿದ್ದರೆ ಮೊದಲ ತರಗತಿಯ ರೆಕಾರ್ಡಿಂಗನ್ನು ನನಗೆ ಕಳಿಸು. ಆ ಗಂಟೆಯಲ್ಲಿ ನಿನ್ನ ದನಿ ಎಷ್ಟು ಹೊತ್ತು, ಮಕ್ಕಳ ದನಿ ಎಷ್ಟು ಹೊತ್ತು ಎಂದು ಇಬ್ಬರೂ ಕೂತು ಲೆಕ್ಕ ಹಾಕೋಣ.

ಇಂತಿ ನಿನ್ನ ಹಿತವನ್ನು ಬಯಸುವ,
ಸೋದರತ್ತೆ