ದಪ್ಪ ಬಿಳಿ ಮಾತ್ರೆ ಮತ್ತು ನಮ್ಮ ಬಾವ

ಮೈಸೂರಿನ ಆಸ್ಪತ್ರೆಯಿಂದ ಮಂಡ್ಯದ ಮನೆಗೆ ಬಂದು ಮೊನ್ನೆಗೆ ಒಂದು ವರ್ಷ. ಮೊನ್ನೆ ಸಂಜೆ ಎಲ್ಲೂ ನಿಲ್ಲದೆ ತಾರಸಿಯವರೆಗೆ ಮೆಟ್ಟಿಲು ಹತ್ತಿದೆ. ಹೋದ ವರ್ಷ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಶ್ವಾಸಕೋಶಕ್ಕೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂದನ್ನು ಮಾತ್ರ ಆಗ ಹೇಳಿರಲಿಲ್ಲ. ಕಿಡ್ನಿ ಕಸಿ ಆದ ಮೇಲೆ ಕೊಟ್ಟ ರಾಶಿ ಮಾತ್ರೆಗಳಲ್ಲಿ ಕೋಟ್ರೈಮಾಕ್ಸಜೋಲ್ ಅನ್ನೋ ದಪ್ಪ ಬಿಳಿ ಆಂಟಿಬಯಾಟಿಕ್ ಮಾತ್ರೆ ಕೂಡ ಇತ್ತು. ಉಳಿದವಕ್ಕೆ ಸಾವಿರಗಟ್ಟಲೆ ರೂಪಾಯಿ, ಇದಕ್ಕೆ ಚಿಲ್ಲರೆ ದುಡ್ಡು. ಅಗ್ಗದ್ದಲ್ವಾ, ಅಂಥ ಮುಖ್ಯ ಇರಲಾರದು ಅಂತ ನಾಲ್ಕನೇ ತಿಂಗಳಿಗೆ ನಾನೇ ಬಿಟ್ಟೆ. ನ್ಯುಮೋಸಿಸ್ಟಿಸ್ ಅನ್ನೋ ಫಂಗಸ್‌ನಿಂದ ಶ್ವಾಸಕೋಶ ಕಾಯುತ್ತಿದ್ದದ್ದು ಅದೇ. ಮಾಮೂಲಿ ಫಂಗಸ್ ಔಷಧಿಗೆಲ್ಲ ಇದು ಬಗ್ಗುವುದಿಲ್ಲವಂತೆ. ಸೋಂಕು ಬಂದ ಮೇಲೆ ವಾಸಿ ಮಾಡಿದ್ದೂ ಅದೇ ಕೋಟ್ರೈಮಾಕ್ಸಜೋಲ್, ಎಷ್ಟೋ ಪಟ್ಟು ಜಾಸ್ತಿ, 21 ದಿನ. ಕಸಿ, ಕೀಮೋ, ಸ್ಟೀರಾಯ್ಡ್ ಅಂತ ಈ ಮಾತ್ರೆ ನುಂಗುವವರು ಯಾರಾದರೂ ಇದ್ದರೆ, ಡಾಕ್ಟರನ್ನು ಕೇಳದೆ ಬಿಡಬೇಡಿ.

ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣದಿದ್ದರೂ ನನ್ನನ್ನು ನಾಲ್ಕು ಹೆಜ್ಜೆ ನಡೆಸಿ, ಆಕ್ಸಿಜನ್ ಇಳಿದದ್ದು ನೋಡಿ, ರಿಪೋರ್ಟ್ ಬರುವ ಮೊದಲೇ ಔಷಧಿ ಶುರು ಮಾಡಿದ ಡಾಕ್ಟರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಶಾಲೆಯ ಮೇಷ್ಟ್ರುಗಳಿಗೆ ನಮಸ್ಕಾರ. ಕಿಡ್ನಿ ಕೊಟ್ಟ ಅವ್ವನಿಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾಳೆ, ಆ ಗೊಡವೆ ಬೇಡ.

ಇನ್ನು ಬಾವ.

ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಾರೆ. ಕಬ್ಬು ಅರೆಯುವ ಕಾಲ, ಬಿಟ್ಟು ಬರೋ ಹಾಗಿರಲಿಲ್ಲ. ಆದರೂ ಬಂದರು, ಅಂಗಿಯಲ್ಲಿ ಬೆಲ್ಲದ ವಾಸನೆ ಹಾಗೇ ಇತ್ತು. ಔಷಧಿ ಶುರುವಾದ ಮೊದಲ ಕೆಲವು ದಿನ ಉಸಿರು ಇನ್ನೂ ಕೆಡಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮೂರನೇ ರಾತ್ರಿ ಹಾಗೇ ಆಯ್ತು. ಬಾವ ಸ್ಟೂಲಿನ ಮೇಲೆ ಕೂತು, ಕೊಪ್ಪರಿಗೆಯಲ್ಲಿ ಪಾಕದ ಹದ ನೋಡುವ ಹಾಗೆ ಮಾನಿಟರನ್ನೇ ನೋಡುತ್ತಿದ್ದರು. ಆಕ್ಸಿಜನ್ 88, 86. ಅಂಕಿ ಇಳಿದಾಗಲೆಲ್ಲ ಎದ್ದು ಸಿಸ್ಟರನ್ನು ಕರೆಯುವರು, ಬಂದು ಮತ್ತೆ ಕೂರುವರು.

ನನಗೆ ಮುಗೀತು ಅನ್ನಿಸಿತ್ತು. ಮಾಸ್ಕಿನೊಳಗಿಂದಲೇ ಎಲ್‌ಐಸಿ ಬಾಂಡು ಬೀರುವಿನ ಯಾವ ಖಾನೆಯಲ್ಲಿದೆ, ಮಗಳ ಫೀಸು ಎಷ್ಟು ಬಾಕಿ, ಎಲ್ಲ ಹೇಳೋಕೆ ಹೊರಟೆ. ಬಾವ ಬಾಯಿ ಮುಚ್ಚಿಸಿದರು. "ನಿನ್ ಬೀರು ನಂಗ್ಯಾಕ್ಲಾ? ನೀನೇ ಹೋಗಿ ತೆಗಿ. ಈಗ ಉಸ್ರು ಬುಡು, ನಾ ಎಣುಸ್ತೀನಿ." ನಿಜವಾಗಿಯೂ ಎಣಿಸಿದರು. ನೂರಾದ ಮೇಲೆ ಮತ್ತೆ ಒಂದರಿಂದ. ಬೆಳಗಿನ ಜಾವ ನನಗೆ ಜೊಂಪು ಹತ್ತಿತು. ಎದ್ದಾಗ ಬಾವನ ಗಂಟಲು ಕಟ್ಟಿತ್ತು, ಕಣ್ಣು ಕೆಂಪಗಿತ್ತು. ಅತ್ತಿದ್ದರಾ ಅಂತ ನಾನು ಇವತ್ತಿಗೂ ಕೇಳಿಲ್ಲ.

ಆ ವಾರ ಅವರ ಆಲೆಮನೆ ನಿಂತೇ ಇತ್ತು. ಎಷ್ಟು ನಷ್ಟ ಆಯ್ತು ಅಂತ ಅಕ್ಕನೂ ಹೇಳುವುದಿಲ್ಲ.

ಈಗ ಆ ಮಾತ್ರೆ ವಾರಕ್ಕೆ ಮೂರು ದಿನ: ಸೋಮವಾರ, ಬುಧವಾರ, ಶುಕ್ರವಾರ. ಆ ಮೂರೂ ದಿನ ರಾತ್ರಿ ಎಂಟಕ್ಕೆ ಬಾವನ ಫೋನ್ ಬರುತ್ತದೆ. ಹಲೋ ಇಲ್ಲ, ಏನಿಲ್ಲ. "ನುಂಗ್ದಾ?" "ನುಂಗ್ದೆ ಬಾವ." ಅಷ್ಟೇ, ಇಟ್ಟುಬಿಡುತ್ತಾರೆ.

ಇವತ್ತು ಶುಕ್ರವಾರ. ಎಂಟಾಗೋಕೆ ಇನ್ನೂ ಹತ್ತು ನಿಮಿಷ ಇದೆ. ನೀರು ತಂದಿಟ್ಟುಕೊಂಡಿದ್ದೀನಿ.