ಬಲ್ಮಠದ ಗುಡ್ಡದಿಂದ ಜೆಪ್ಪುವಿನವರೆಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮಂಗಳೂರಿಗೆ ಬಂದಾಗ ಬಲ್ಮಠದ ಶಾಂತಿ ದೇವಾಲಯವನ್ನು ನೋಡಿ, ಹಳೆಯ ಚರ್ಚಿನ ಬಗ್ಗೆ ಒಂದು ಲೇಖನ ಬರೆಯಬೇಕೆಂದಿದ್ದೀಯ. ಖಂಡಿತ ಬರೆ. ಆದರೆ ಅದೊಂದನ್ನೇ ನೋಡಿ ಊರಿಗೆ ಮರಳಿದರೆ ಲೇಖನ ಅರ್ಧಂಬರ್ಧವಾದೀತು ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಚರ್ಚು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನದು. ಅದರ ಸಭೆಯ, ಎಂದರೆ ಅದರ ಕ್ರೈಸ್ತ ಸಮುದಾಯದ, ಚರಿತ್ರೆ ಪ್ರಾರ್ಥನೆಯ ಕಟ್ಟಡದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅಚ್ಚುಕೂಟದಲ್ಲಿ, ಮಗ್ಗದ ಮನೆಯಲ್ಲಿ, ಹೆಂಚಿನ ಕಾರ್ಖಾನೆಯಲ್ಲಿದೆ.

‘ಹಳೆಯ’ ಎನ್ನುವ ಮಾತನ್ನೂ ಇಲ್ಲಿ ಸ್ವಲ್ಪ ಹುಷಾರಾಗಿ ಬಳಸಬೇಕು. ಕ್ಯಾಥೊಲಿಕರ ರೊಸಾರಿಯೊ ಇಗರ್ಜಿಯ ಮೂಲ 1568ಕ್ಕೆ ಹೋಗುತ್ತದೆ, ಮಿಲಾಗ್ರಿಸ್ 1680ರದ್ದು. ಅವರ ಮುಂದೆ 1862ರ ಶಾಂತಿ ದೇವಾಲಯ ನಿನ್ನೆ ಮೊನ್ನೆಯ ಮಗು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಯಲ್ಲಿ, ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಕಲೆಕ್ಟರ್ ಬ್ಲೇರ್ 1840ರಲ್ಲಿ ಬಲ್ಮಠದ ಜಾಗವನ್ನು ಮಿಷನ್ನಿಗೆ ಕೊಟ್ಟರು. ಮರುವರ್ಷ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಮಿಷನರಿ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಿತ್ತು. ಈ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡು. ಅಚ್ಚಿನ ಯಂತ್ರ ಬಂದು ಎರಡು ದಶಕ ಕಳೆದ ಮೇಲೆ ಶಾಂತಿ ದೇವಾಲಯ ಎದ್ದಿತು. ಓದಲು ಬಾರದವರ ಕೈಗೆ ಬೈಬಲ್ ಕೊಟ್ಟು ಪ್ರಯೋಜನವಿಲ್ಲವೆಂದು ನಂಬಿದ್ದ ಜನ ಅವರು. ಹಾಗಾಗಿ ಶಾಲೆ ಮತ್ತು ಅಚ್ಚುಕೂಟ ಮುಂದೆ, ಗೋಪುರ ಹಿಂದೆ.

ಮನೆಯಲ್ಲಿ ತುಳು ಮಾತನಾಡುವ ಜನರ ಸಭೆ ಇದು. 1847ರಲ್ಲಿ ಗ್ರೈನರ್ ಅವರ ತುಳು ಹೊಸ ಒಡಂಬಡಿಕೆ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಇವತ್ತು ತುಳುವನ್ನು ನಾವು ಕನ್ನಡ ಅಕ್ಷರಗಳಲ್ಲೇ ಬರೆಯುವುದಕ್ಕೆ ಬಲ್ಮಠದ ಅಚ್ಚುಕೂಟದ ಪಾಲೂ ದೊಡ್ಡದು. ಅದೇ ಅಚ್ಚುಕೂಟದಿಂದ 1894ರಲ್ಲಿ ಕಿಟೆಲ್ ಅವರ ನಿಘಂಟು ಬಂತು. ಅದರ ಕಥೆ ನಿನಗೆ ಗೊತ್ತಿರುವುದರಿಂದ ಮುಂದೆ ಹೋಗುತ್ತೇನೆ.

ನನಗೆ ಮುಖ್ಯವೆನಿಸುವುದು ಹೆಂಚು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕಸುಬು ಮೂರ್ತೆ. ಕಳ್ಳು ಇಳಿಸುವುದು ಕ್ರೈಸ್ತನಿಗೆ ತಕ್ಕ ಕೆಲಸವಲ್ಲವೆಂದು ಮಿಷನ್ ಹೇಳಿತು. ಇತ್ತ ಜಾತಿಯವರು ಹೊರಗಿಟ್ಟರು, ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಎಷ್ಟೋ ಜನರಿಗೆ ಕೈತಪ್ಪಿತು. ದೀಕ್ಷಾಸ್ನಾನವಾದ ಮರುದಿನ ಆ ಮನುಷ್ಯ ಹೆಂಡತಿ ಮಕ್ಕಳಿಗೆ ಏನು ಉಣಿಸಬೇಕು? ಈ ಪ್ರಶ್ನೆಗೆ ಉಪದೇಶದಲ್ಲಿ ಉತ್ತರವಿರಲಿಲ್ಲ. ಕೃಷಿ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು, ಕೈಗೆ ಹತ್ತಲಿಲ್ಲ. ನೆಲೆ ನಿಂತದ್ದು ನೇಯ್ಗೆ. 1851ರಲ್ಲಿ ಬಂದ ಹಾಲರ್ ಅದನ್ನು ಒಂದು ಹದಕ್ಕೆ ತಂದರು. ಖಾಕಿ ಬಣ್ಣದ ಬಟ್ಟೆ ಅವರದೇ ಕೊಡುಗೆ ಎಂದು ಇಲ್ಲಿಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಆಮೇಲೆ ಪ್ಲೆಬ್ಸ್ಟ್. ಮುದ್ರಣಾಲಯದ ಕೆಲಸಕ್ಕೆ ಬಂದವರು ಇಲ್ಲಿಯ ಆವೆಮಣ್ಣಿನ ಹಿಂದೆ ಬಿದ್ದು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅದುವರೆಗೆ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಮಾಡು. ವರ್ಷ ವರ್ಷ ಹೊದಿಸಬೇಕು, ಒಂದು ಕಿಡಿ ಹಾರಿದರೆ ಮುಗಿಯಿತು. ಹೊಸ ಹೆಂಚಿನ ಅಂಚಿನ ಏಣು ಪಕ್ಕದ ಹೆಂಚಿನ ತೋಡಿನೊಳಗೆ ಕೂರುತ್ತದೆ, ಕೆಳಗಿನ ಗುಬ್ಬಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಸುಣ್ಣವಿಲ್ಲ, ಗಾರೆಯಿಲ್ಲ, ಕರಾವಳಿಯ ಮಳೆಗೂ ಸೋರುವುದಿಲ್ಲ. ಒಡೆದದ್ದನ್ನು ಮಾತ್ರ ತೆಗೆದು ಬೇರೆ ಇಟ್ಟರೆ ಆಯಿತು.

ಎಲ್ಲಾದರೂ ಹಳೆಯ ಮನೆ ಕೆಡವುತ್ತಿದ್ದರೆ ಒಂದು ಹೆಂಚನ್ನು ಮಗುಚಿ ನೋಡು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಇಂಗ್ಲಿಷ್ ಅಕ್ಷರಗಳೂ 1865 ಎಂಬ ಅಂಕಿಯೂ ಉಬ್ಬಿಕೊಂಡಿರಬಹುದು. ‘ನಮ್ಮ ಮನೆ 1865ರದ್ದು’ ಎಂದು ಯಾರಾದರೂ ಹೇಳಿದರೆ ಕೂಡಲೇ ಬರೆದುಕೊಳ್ಳಬೇಡ. ಅದು ಕಾರ್ಖಾನೆ ಹುಟ್ಟಿದ ವರ್ಷ. ಎಷ್ಟೋ ವರ್ಷಗಳ ನಂತರ ಸುಟ್ಟ ಹೆಂಚಿಗೂ ಅದೇ ಅಂಕಿ.

ಈ ವ್ಯವಸ್ಥೆಯನ್ನು ಹೊಗಳಿ ಹೊಗಳಿ ಬರೆದ ಲೇಖನಗಳು ಸಾಕಷ್ಟಿವೆ, ನೀನು ಅದಕ್ಕೆ ಇನ್ನೊಂದನ್ನು ಸೇರಿಸಬೇಡ. ಭಾನುವಾರ ಉಪದೇಶ ಮಾಡುವವರೂ ಸೋಮವಾರ ಕೂಲಿ ಕೊಡುವವರೂ ಒಂದೇ ಮಿಷನ್ನಿನವರು. ಉಪದೇಶ ಹಿಡಿಸದಿದ್ದರೆ ಎದ್ದು ಹೋಗಬಹುದು, ಆದರೆ ಅನ್ನ ಕೊಡುವ ಕಾರ್ಖಾನೆಯಿಂದ ಎದ್ದು ಹೋಗುವುದು ಸುಲಭವೇ? ಸಭೆಯ ಶಿಸ್ತು ಎನ್ನುವುದರಲ್ಲಿ ಭಕ್ತಿ ಎಷ್ಟು, ಅನಿವಾರ್ಯ ಎಷ್ಟು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಇಷ್ಟಾದರೂ, ಕಸುಬು ಕಿತ್ತುಕೊಂಡ ಮೇಲೆ ಇನ್ನೊಂದು ಕಸುಬು ಕಲಿಸುವ ಹೊಣೆಯನ್ನು ಅವರು ಹೊತ್ತರು. ಅದನ್ನು ಅಲ್ಲಗಳೆಯಲಾರೆ.

1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದವರಾದರು. ಅನೇಕರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ಕೊನೆಗೆ ದೇಶದಿಂದಲೇ ಕಳುಹಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ನನ್ನ ಅಂದಾಜಿನಲ್ಲಿ ಈ ಸಭೆ ನಿಜವಾಗಿ ಇಲ್ಲಿಯವರ ಸಭೆಯಾದದ್ದು ಆಗಲೇ. ಮಿಷನರಿ ದೊರೆಗಳಿಲ್ಲದೆ ಲೆಕ್ಕ ಬರೆಯುವುದು, ಶಾಲೆ ನಡೆಸುವುದು, ಸಭಾಪಾಲಕರಿಗೆ ಸಂಬಳ ಹೊಂದಿಸುವುದು ಎಲ್ಲವೂ ಇವರ ತಲೆಗೆ ಬಂತು. ಈಗ ಅದು ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯದಲ್ಲಿದೆ, ಶಾಂತಿ ದೇವಾಲಯ ಅದರ ಕೆಥೆಡ್ರಲ್.

ನೀನು ಬಂದಾಗ ಮೊದಲು ಜೆಪ್ಪುವಿಗೆ ಹೋಗೋಣ, ನದಿಯ ದಡ ನೋಡಿಕೊಂಡು ಬಲ್ಮಠಕ್ಕೆ ಏರೋಣ. ಅಲ್ಲಿಯ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಮಿಷನ್ನಿನ ಹಳೆಯ ಪುಸ್ತಕ, ಕಾಗದಪತ್ರಗಳಿವೆ. ನೋಡಲು ಅನುಮತಿ ಬೇಕಾಗುತ್ತದೆ, ಬರುವ ಮುಂಚೆಯೇ ಅವರಿಗೊಂದು ಪತ್ರ ಬರೆದಿಡು. ಭಾನುವಾರದ ಆರಾಧನೆ ಮುಗಿದ ಮೇಲೆ ಹಿರಿಯರು ಅಂಗಳದಲ್ಲಿ ನಿಂತು ಮಾತನಾಡುವ ಹೊತ್ತಿಗೆ ನೀನು ಅಲ್ಲಿರಬೇಕು. ಕಟ್ಟಡ ಯಾವ ಶೈಲಿಯದ್ದೆಂದು ಅವರನ್ನು ಕೇಳಬೇಡ. ನಿಮ್ಮ ಅಜ್ಜ ಮಗ್ಗದಲ್ಲಿದ್ದರೋ, ಅಚ್ಚುಕೂಟದಲ್ಲಿದ್ದರೋ, ಹೆಂಚಿನ ಕಾರ್ಖಾನೆಯಲ್ಲಿದ್ದರೋ ಎಂದು ಕೇಳು.

ನಿನ್ನ ಪ್ರೀತಿಯ ಗೆಳೆಯ