ಸೋಮವಾರದ ಮಟ್ಟಂಚೇರಿ ಭೇಟಿ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ದಾವಣಗೆರೆಯಿಂದ ಹೊರಡುವ ನಮ್ಮ ಕೊಚ್ಚಿ ಪ್ರವಾಸದಲ್ಲಿ ಹಳೆಯ ಪೇಟೆಯ ಭೇಟಿಯನ್ನು ಸೋಮವಾರಕ್ಕೆ ನಿಗದಿಪಡಿಸಲಾಗಿದೆ. ಮಟ್ಟಂಚೇರಿ ಅರಮನೆಗೆ ಶುಕ್ರವಾರ ರಜೆ. 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರವಾದ ಪರದೇಸಿ ಸಿನಗಾಗ್ ಅವರ ವಿಶ್ರಾಂತಿ ದಿನವಾದ ಶನಿವಾರ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಪ್ರಾರ್ಥನೆಯಿರುತ್ತದೆ.

ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸರಿಗೆ ಒಪ್ಪಿಸಿದ, ಬಳಿಕ ಡಚ್ಚರು ದುರಸ್ತಿ ಮಾಡಿಸಿದ ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿರುವ ಶಯನಗೃಹವನ್ನು ಅವಸರವಿಲ್ಲದೆ ನೋಡಬೇಕೆಂದು ಕೋರಿಕೆ; ನನ್ನ ಮಟ್ಟಿಗೆ ಇಡೀ ಪ್ರವಾಸಕ್ಕೆ ಅದೊಂದೇ ಸಾಕು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದು ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ. ಅವಶೇಷಗಳನ್ನು ಮುಂದೆ ಪೋರ್ಚುಗಲ್‌ಗೆ ಒಯ್ದಿದ್ದರಿಂದ ಈಗಿರುವುದು ಸಮಾಧಿಯ ಸ್ಥಳ ಮಾತ್ರ. ಮೆಣಸು, ಶುಂಠಿಗಳ ಹಳೆಯ ಗೋದಾಮುಗಳು ನಮ್ಮ ಮಂಡಿಪೇಟೆಯ ವರ್ತಕ ಸದಸ್ಯರಿಗೆ ವಿಶೇಷವಾಗಿ ಹಿಡಿಸಬಹುದು.

ಸಿನಗಾಗ್ ಒಳಗೆ ಪಾದರಕ್ಷೆಗೆ ಅವಕಾಶವಿಲ್ಲ. ಬರುವವರು ಗುರುವಾರದೊಳಗೆ ಇಲ್ಲಿಯೇ ತಿಳಿಸಬೇಕು.